ಕೇಡಗಾಂವ್‌ನ ಮುಕ್ತಿ ಸದನ: ಆಶ್ರಯ ಮತ್ತು ಮತಪ್ರಚಾರದ ನಡುವೆ

ಭಾರತದಲ್ಲಿ ಕ್ರೈಸ್ತ ಮಿಷನ್‌ಗಳು ನಡೆಸಿದ ಶಾಲೆ, ಆಸ್ಪತ್ರೆ, ಅನಾಥಾಲಯಗಳ ಚರಿತ್ರೆಯನ್ನು ಅನೇಕರು ಬರೆದಿದ್ದಾರೆ. ಆದರೆ ದೌರ್ಜನ್ಯಕ್ಕೆ ಸಿಕ್ಕಿ ಮನೆಗೂ ಊರಿಗೂ ಬೇಡವಾದ ಹೆಂಗಸರಿಗಾಗಿ ಮತ್ತು ಅವರ ಮಕ್ಕಳಿಗಾಗಿ ನಡೆದ ಆಶ್ರಯಧಾಮಗಳ ಕಡೆಗೆ ಗಮನ ಹರಿದದ್ದು ಕಡಿಮೆ. ಪುಣೆಯಿಂದ ದೌಂಡ್‌ಗೆ ಹೋಗುವ ರೈಲುದಾರಿಯಲ್ಲಿರುವ ಕೇಡಗಾಂವ್‌ನ ಮುಕ್ತಿ ಸದನ ಇಂಥವುಗಳಲ್ಲಿ ಪ್ರಸಿದ್ಧವಾದದ್ದು. ಅದನ್ನು ಕಟ್ಟಿ ನಡೆಸಿದವರು ಹೊರದೇಶದಿಂದ ಬಂದ ಪಾದ್ರಿಗಳಲ್ಲ, ಸಂಸ್ಕೃತ ಪುರಾಣಗಳನ್ನು ಕಂಠಸ್ಥವಾಗಿ ಹೇಳುತ್ತ ಊರೂರು ಅಲೆದ ಕುಟುಂಬದ ಮಗಳು ಪಂಡಿತಾ ರಮಾಬಾಯಿ.

ರಮಾಬಾಯಿಯ ಮೂಲ ಕರ್ನಾಟಕದ ಘಟ್ಟಪ್ರದೇಶದಲ್ಲಿದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದು ಶಾಸ್ತ್ರವಿರುದ್ಧವೆಂಬ ಆಕ್ಷೇಪ ಬಂದಾಗ ಉಡುಪಿಯ ಪಂಡಿತರ ಮುಂದೆ ಗ್ರಂಥಾಧಾರಗಳನ್ನಿಟ್ಟು ಸಮರ್ಥಿಸಿಕೊಂಡ ಅವರು, ಬಳಿಕ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿಕೊಂಡರು. 1858ರಲ್ಲಿ ರಮಾಬಾಯಿ ಹುಟ್ಟಿದ್ದು ಅಲ್ಲೇ. ಹಸುಗೂಸಾಗಿದ್ದಾಗಲೇ ಆರಂಭವಾದ ತೀರ್ಥಯಾತ್ರೆ, 1870ರ ದಶಕದ ಬರದಲ್ಲಿ ತಂದೆತಾಯಿಗಳ ಸಾವು, ಕಲ್ಕತ್ತೆಯ ವಿದ್ವಾಂಸರಿಂದ ದೊರೆತ ‘ಪಂಡಿತಾ’ ಮತ್ತು ‘ಸರಸ್ವತಿ’ ಎಂಬ ಬಿರುದುಗಳು, ಜಾತಿಯ ಗೆರೆ ದಾಟಿ ಬಂಗಾಳಿ ವಕೀಲರೊಬ್ಬರೊಂದಿಗೆ ಮದುವೆ, ಎರಡು ವರ್ಷ ತುಂಬುವ ಮೊದಲೇ ವೈಧವ್ಯ, ಇವೆಲ್ಲ ಆಕೆಗೆ ಇಪ್ಪತ್ತನಾಲ್ಕು ತುಂಬುವುದರೊಳಗೆ ನಡೆದುಹೋದವು.

1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದರು. ಅದೇ ವರ್ಷ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ, ಅಂದರೆ ಕ್ರೈಸ್ತ ಧರ್ಮವನ್ನು ಸೇರುವ ಜಲಸಂಸ್ಕಾರವನ್ನು, ಪಡೆದರು. ಈ ಮತಾಂತರಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದನ್ನು ಆಕೆ ತಮ್ಮ ಬರವಣಿಗೆಯಲ್ಲಿ ಸ್ಪಷ್ಟವಾಗಿಯೇ ಗುರುತಿಸಿದ್ದಾರೆ. ಲಂಡನ್ನಿನ ಫುಲಂನಲ್ಲಿ ಆ ಸನ್ಯಾಸಿನಿಯರು ‘ಕೆಟ್ಟವರು’ ಎಂದು ಸಮಾಜ ಹೊರದಬ್ಬಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಶೀಲ ಹೋಯಿತೆಂದರೆ ಹೆಣ್ಣಿಗೆ ಹಿಂದಿರುಗುವ ದಾರಿಯೇ ಇಲ್ಲವೆಂದು ಬಗೆದ ಶಾಸ್ತ್ರವಾಕ್ಯಗಳನ್ನು ಓದಿ ಬೆಳೆದವರಿಗೆ, ಅಂಥವರ ಶುಶ್ರೂಷೆಯನ್ನೇ ಧರ್ಮಕಾರ್ಯವೆಂದು ಭಾವಿಸಿದವರನ್ನು ಕಂಡದ್ದು ಹೊಸ ಅನುಭವ. ಹಾಗೆಂದು ಆಕೆ ಮಿಷನರಿಗಳ ಮಾತಿಗೆ ತಲೆಯಾಡಿಸುವ ಶಿಷ್ಯೆಯಾಗಲಿಲ್ಲ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆಂಬ ತ್ರಿತ್ವವೇ ಮೊದಲಾದ ಸಿದ್ಧಾಂತಗಳ ಮೇಲೆ ಗುರುಸ್ಥಾನದಲ್ಲಿದ್ದ ಸನ್ಯಾಸಿನಿಯೊಂದಿಗೆ ಪತ್ರಮುಖೇನ ದೀರ್ಘಕಾಲ ವಾದಿಸಿದರು, ಲ್ಯಾಟಿನ್ ಅಕ್ಷರಗಳಿದ್ದ ಶಿಲುಬೆಗೆ ಆಕ್ಷೇಪವೆತ್ತಿ ಸಂಸ್ಕೃತವೇಕಾಗಬಾರದೆಂದು ಕೇಳಿದರು, ಸಸ್ಯಾಹಾರವನ್ನಾಗಲಿ ಸೀರೆಯನ್ನಾಗಲಿ ಬಿಡಲಿಲ್ಲ.

ಅಮೆರಿಕದಲ್ಲಿ ಉಪನ್ಯಾಸಗಳನ್ನು ಮಾಡಿ, ಪುಸ್ತಕ ಬರೆದು, ಬಾಸ್ಟನ್ನಿನಲ್ಲಿ ಸ್ಥಾಪನೆಯಾದ ಸಂಘದಿಂದ ಹತ್ತು ವರ್ಷಗಳ ನೆರವಿನ ಭರವಸೆ ಪಡೆದು ಹಿಂದಿರುಗಿದ ರಮಾಬಾಯಿ 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮುಖ್ಯವಾಗಿ ಮೇಲುಜಾತಿಯ ಬಾಲವಿಧವೆಯರಿಗಾಗಿ ಇದ್ದ ಈ ವಸತಿಶಾಲೆ ಮತಪ್ರಚಾರ ಮಾಡುವುದಿಲ್ಲವೆಂಬ ಒಪ್ಪಂದದ ಮೇಲೆ ನಿಂತಿತ್ತು. ಜಾತಿಯ ಊಟದ ಕಟ್ಟಳೆಗಳನ್ನು ಪಾಲಿಸಲು, ತಮ್ಮ ದೇವರ ಪೂಜೆ ಮಾಡಲು ಹುಡುಗಿಯರಿಗೆ ಅಡ್ಡಿಯಿರಲಿಲ್ಲ. ವಿವಾದ ಹುಟ್ಟಿದ್ದು ಒಂದು ಬಾಗಿಲಿನಿಂದ. ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳೊಂದಿಗೆ ಪ್ರಾರ್ಥನೆಗೆ ಕೂರುವಾಗ ಬಾಗಿಲನ್ನು ಹಾಕುತ್ತಿರಲಿಲ್ಲ, ಕುತೂಹಲದಿಂದ ಬಂದು ಕುಳಿತವರನ್ನು ಏಳಿಸುತ್ತಲೂ ಇರಲಿಲ್ಲ. ಕೆಲವು ಹುಡುಗಿಯರು ಕ್ರೈಸ್ತಧರ್ಮದ ಕಡೆಗೆ ಒಲಿಯುತ್ತಿದ್ದಾರೆಂಬ ಸುದ್ದಿ ಹರಡಿದಾಗ ತಿಲಕರ ‘ಕೇಸರಿ’ ಕಟುವಾಗಿ ಬರೆಯಿತು. 1893ರಲ್ಲಿ ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಾಂಡಾರಕರ್ ಮೊದಲಾದ ಸುಧಾರಕರೂ ದೂರ ಸರಿದರು. ಪಾಲಕರು ಅನೇಕ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಬಾಗಿಲು ತೆರೆದಿಡುವುದು ಬಲವಂತವಲ್ಲ ಎಂಬ ರಮಾಬಾಯಿಯ ವಾದ ಸುಳ್ಳಲ್ಲ. ಆದರೆ ಅನ್ನ, ಅಕ್ಷರ, ಮಮತೆ ಮೂರನ್ನೂ ಒಬ್ಬರಿಂದಲೇ ಪಡೆಯುತ್ತಿರುವ ಹದಿನಾಲ್ಕರ ಹುಡುಗಿಗೆ ಅವರ ನಂಬಿಕೆ ಸಹಜವಾಗಿಯೇ ಸೆಳೆತವಾಗುತ್ತದೆಂಬ ಆತಂಕವೂ ಪೊಳ್ಳಾಗಿರಲಿಲ್ಲ.

1896–97ರ ಬರ ಈ ಚರ್ಚೆಯ ನೆಲೆಯನ್ನೇ ಬದಲಿಸಿತು. ಮಧ್ಯಪ್ರಾಂತದಲ್ಲಿ ಗಂಜಿಕೇಂದ್ರಗಳ ಸುತ್ತ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ದಲ್ಲಾಳಿಗಳು ಓಡಾಡುತ್ತಿದ್ದರು. ಹಿಡಿ ಕಾಳಿಗಾಗಿ ಮಕ್ಕಳ ಮಾರಾಟವಾಗುತ್ತಿತ್ತು. ಬರದಲ್ಲೇ ಹೆತ್ತವರನ್ನು ಕಳೆದುಕೊಂಡಿದ್ದ ರಮಾಬಾಯಿ ಖುದ್ದಾಗಿ ಅಲ್ಲಿಗೆ ಹೋಗಿ ತಂಡತಂಡವಾಗಿ ಹೆಂಗಸರನ್ನೂ ಹುಡುಗಿಯರನ್ನೂ ಕರೆತಂದರು. ಅಮೆರಿಕದ ನೆರವಿನ ಅವಧಿ ಮುಗಿದಾಗ ಶಾರದಾ ಸದನದ ಖರ್ಚಿಗೆ ಹಣ್ಣಿನ ತೋಟದ ಆದಾಯವಿರಲೆಂದು ಕೇಡಗಾಂವ್‌ನಲ್ಲಿ ಕೊಂಡಿದ್ದ ಜಮೀನೇ ಅವರ ನೆಲೆಯಾಯಿತು. ಮುಕ್ತಿ ಸದನ ಹುಟ್ಟಿದ್ದು ಹೀಗೆ. 1900ರ ಸುಮಾರಿಗೆ ಗುಜರಾತಿನ ಬರಪೀಡಿತರೂ ಸೇರಿ ಅಲ್ಲಿನವರ ಸಂಖ್ಯೆ ಎರಡು ಸಾವಿರದ ಹತ್ತಿರ ಬಂತು.

ಹೀಗೆ ಬಂದವರಲ್ಲಿ ಹಲವರು ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದವರು, ಕಾಯಿಲೆ ಬಿದ್ದವರು, ಬಸುರಿಯರು. ಅವರಿಗಾಗಿ ತೆರೆದ ಪ್ರತ್ಯೇಕ ವಿಭಾಗ ಕೃಪಾ ಸದನ. ಫುಲಂನಲ್ಲಿ ಕಂಡದ್ದನ್ನು ಇಲ್ಲಿ ನೆಲೆಗೊಳಿಸಿದ ಈ ವಿಭಾಗವೇ ಇಡೀ ಸಂಸ್ಥೆಯ ನಿಜವಾದ ಒರೆಗಲ್ಲು ಎನ್ನಬಹುದು, ಏಕೆಂದರೆ ಶಾರದಾ ಸದನದ ವಿಧವೆಯರಿಗಾಗಿ ಹೋರಾಡಿದ ಪತ್ರಿಕೆಗಳಾಗಲಿ ಬಂಧುಗಳಾಗಲಿ ಈ ಹೆಂಗಸರನ್ನು ತಮಗೆ ಒಪ್ಪಿಸಿರೆಂದು ಕೇಳಿ ಬಂದದ್ದಿಲ್ಲ.

ಅಷ್ಟೊಂದು ಜನರ ನಿತ್ಯದ ಬದುಕು ದುಡಿಮೆಯ ಸುತ್ತ ರೂಪುಗೊಂಡಿತು. ಬಾವಿಗಳನ್ನು ತೋಡಿ ಹೊಲ ಮಾಡಿದರು. ಮಗ್ಗ, ಎಣ್ಣೆಗಾಣ, ಹೈನು, ಹೊಲಿಗೆ ಬಂದವು. ಕಣ್ಣು ಕಾಣದವರಿಗೆ ಉಬ್ಬುಚುಕ್ಕಿಗಳ ಬ್ರೈಲ್ ಲಿಪಿಯನ್ನೂ ಬೆತ್ತದ ಕೆಲಸವನ್ನೂ ಕಲಿಸಿದರು. ಅಚ್ಚುಕೂಟವಂತೂ ಹೆಂಗಸರ ಕೈಯಲ್ಲೇ ಇತ್ತು: ಊರಲ್ಲಿದ್ದಾಗ ಅಕ್ಷರದ ಮುಖ ಕಾಣದಿದ್ದವರು ಇಲ್ಲಿ ಮೊಳೆ ಜೋಡಿಸಿ, ಕರಡು ತಿದ್ದಿ, ಹಾಳೆ ಮಡಿಸಿ, ಹೊಲಿದು ಪುಸ್ತಕ ಕಟ್ಟಿದರು. ಹೀಬ್ರೂ, ಗ್ರೀಕ್ ಮೂಲಗಳಿಂದ ರಮಾಬಾಯಿ ವರ್ಷಗಟ್ಟಲೆ ಕೂತು ಮಾಡಿದ ಮರಾಠಿ ಬೈಬಲ್ ಅನುವಾದ, 1922ರಲ್ಲಿ ಅವರು ತೀರಿಕೊಂಡ ಮೇಲೆ, ಇದೇ ಅಚ್ಚುಕೂಟದಿಂದ 1924ರಲ್ಲಿ ಹೊರಬಂತು.

ಶಾರದಾ ಸದನದಂತಲ್ಲದೆ ಮುಕ್ತಿ ಸದನ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. ಯಾವುದೇ ಚರ್ಚಿನ ನಿಗದಿತ ಅನುದಾನವಿಲ್ಲದೆ, ಪ್ರಾರ್ಥನೆಯನ್ನೂ ಭಕ್ತರು ತಾವಾಗಿ ಕಳಿಸುವ ಕಾಣಿಕೆಯನ್ನೂ ನೆಚ್ಚಿ ನಡೆಯುವ ಇಂಥ ಸಂಸ್ಥೆಗಳನ್ನು ‘ಫೇತ್ ಮಿಷನ್’, ಎಂದರೆ ವಿಶ್ವಾಸದ ಮೇಲೆ ನಿಂತ ಮಿಷನ್, ಎನ್ನುತ್ತಾರೆ. ಬರದ ಹುಡುಗಿಯರಲ್ಲಿ ಬಹುಪಾಲು ಮಂದಿ ದೀಕ್ಷಾಸ್ನಾನ ಪಡೆದರು. 1905ರಲ್ಲಿ ಅಲ್ಲಿ ಎದ್ದ ಸಾಮೂಹಿಕ ಪ್ರಾರ್ಥನೆಯ ಅಲೆಯ ಸುದ್ದಿ ಪಶ್ಚಿಮದ ದೇಶಗಳಿಗೂ ಮುಟ್ಟಿತು. ಹಲವರು ಮನೆಮನೆಗೆ ಹೋಗಿ ಧರ್ಮಗ್ರಂಥ ಓದಿ ಹೇಳುವ ‘ಬೈಬಲ್ ಸ್ತ್ರೀ’ಯರಾಗಿ ಹೊರಟರು. ಹಸಿದು ಬಂದವರ ಒಪ್ಪಿಗೆಯನ್ನು ಎಷ್ಟರಮಟ್ಟಿಗೆ ಸ್ವತಂತ್ರ ಒಪ್ಪಿಗೆಯೆನ್ನಬೇಕೆಂಬ ಪ್ರಶ್ನೆ ಇಲ್ಲಿ ಇನ್ನಷ್ಟು ಮೊನಚಾಗುತ್ತದೆ, ಮತ್ತು ಆಕೆಯ ಅಭಿಮಾನಿಗಳು ಬರೆದ ಜೀವನಚರಿತ್ರೆಗಳು ಸಾಮಾನ್ಯವಾಗಿ ಇದನ್ನು ಮುಟ್ಟದೆ ಮುಂದೆ ಸಾಗುತ್ತವೆ. ಆ ಹುಡುಗಿಯರಿಗೆ ಅಂದು ಎದುರಿಗಿದ್ದ ಇನ್ನೊಂದು ದಾರಿ ದಲ್ಲಾಳಿಯದಾಗಿತ್ತು ಎಂಬುದನ್ನು ವಿರೋಧಿಗಳು ಮರೆತಿದ್ದೂ ಅಷ್ಟೇ ನಿಜ.

ರಮಾಬಾಯಿಯ ಕೆಲಸ ಮರಾಠಿ ಸೀಮೆಯಾಚೆಗೂ ಚಾಚಿ, 1912ರ ಸುಮಾರಿಗೆ ಆಗಿನ ಹೈದರಾಬಾದ್ ಸಂಸ್ಥಾನದ ಗುಲ್ಬರ್ಗದಲ್ಲಿ ಒಂದು ಶಾಲೆ ಆರಂಭವಾಯಿತು. ಮನೋರಮೆ ಅದರ ಹೊಣೆ ಹೊತ್ತರು. ಪುಣೆಯಲ್ಲಾದರೋ ಆಕೆಯ ಪ್ರಭಾವ ಕಂಡದ್ದು ಬೇರೆ ರೂಪದಲ್ಲಿ. ಶಾರದಾ ಸದನದ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದೀಬಾಯಿ ಕರ್ವೆ ಎನಿಸಿಕೊಂಡರು. ಮತಾಂತರದ ಭಯವಿಲ್ಲದೆ ವಿಧವೆಯರು ಓದಬಹುದಾದ ಆಶ್ರಮವನ್ನು ಕರ್ವೆಯವರು 1896ರಲ್ಲಿ ಸ್ಥಾಪಿಸಿದರು. ಅವರ ಪ್ರಯತ್ನ ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯದವರೆಗೆ ಬೆಳೆಯಿತು. ಶಾರದಾ ಸದನದ ಕುರಿತ ಆಕ್ಷೇಪಕ್ಕೆ ಹಿಂದೂ ಸಮಾಜ ಕೊಟ್ಟ ಸಮರ್ಥ ಉತ್ತರವೆಂದರೆ ಇದೇ, ಪತ್ರಿಕೆಗಳ ಟೀಕೆಯಲ್ಲ. ಆದರೆ ಆ ಆಶ್ರಮವೂ ಮುಖ್ಯವಾಗಿ ಮೇಲುಜಾತಿಯ ವಿಧವೆಯರಿಗಾಗಿ ಇದ್ದುದರಿಂದ, ಕೃಪಾ ಸದನಕ್ಕೆ ಸರಿಸಾಟಿಯಾದ ಸಂಸ್ಥೆಯೊಂದನ್ನು ಪುಣೆಯ ಸುಧಾರಕರು ಆ ಹೊತ್ತಿನಲ್ಲಿ ಕಟ್ಟಲಿಲ್ಲ.