ಏರಿಳಿತಗಳ ನಡುವಿನ ಮನುಷ್ಯ

ಕುಕ್ಕರಹಳ್ಳಿ ಕೆರೆಗೆ ನನ್ನೊಡನೆ ಹಕ್ಕಿ ನೋಡಲು ಬರುವ ಹಿರಿಯ ಗೆಳೆಯರೊಬ್ಬರಿಗೆ ಬೈಪೋಲಾರ್ ಕಾಯಿಲೆ ಇದೆ. ತಮ್ಮ ಟಿಪ್ಪಣಿ ಪುಸ್ತಕಗಳನ್ನು ಓದಲು ಕೊಟ್ಟಿದ್ದಾರೆ, ಅವುಗಳ ಬಗ್ಗೆ ಬರೆಯಲೂ ಒಪ್ಪಿದ್ದಾರೆ.

ಹೆಜ್ಜಾರ್ಲೆಗಳು ಮರಿಗಳಿಗೆ ಉಣಿಸುವ ಬೇಸಿಗೆಯ ಪುಟ. ಬರಹ ಬೆಳಗಿನ ಜಾವ ಮೂರಕ್ಕೇ ಶುರುವಾಗಿದೆ. ಅಕ್ಷರಗಳು ಹಿಗ್ಗಿವೆ, ಸಾಲು ಅಂಚಿನವರೆಗೂ ಓಡಿ, ಜಾಗ ಸಾಲದೆ ಅಂಚಿನುದ್ದಕ್ಕೂ ಮೇಲೇರಿದೆ. ಗೂಡುಗಳ ಲೆಕ್ಕದ ಪಕ್ಕದಲ್ಲೇ ಹಕ್ಕಿ ಆಸ್ಪತ್ರೆಯೊಂದರ ನಕ್ಷೆ, ಅದರ ಖರ್ಚು, ಸಾಲ ಕೇಳಬೇಕಾದವರ ಪಟ್ಟಿ. ಇದು ಉನ್ಮಾದದ ಏರು. ಅದೇ ವರ್ಷದ ಮಳೆಗಾಲದಲ್ಲಿ ಬರೀ ದಿನಾಂಕಗಳಿವೆ, ಆಮೇಲೆ ಅವೂ ಇಲ್ಲ. ಇದು ಖಿನ್ನತೆ.

ಬೇಸಿಗೆಯಲ್ಲಿ ಕಂಡವರು ಅವರನ್ನು ದುಡುಕಿನವರು ಎಂದರು, ಮಳೆಗಾಲದಲ್ಲಿ ಕಂಡವರು ಸೋಮಾರಿ ಎಂದರು. ಗೋವಕ್ಕಿಯ ತಲೆ ಕತ್ತುಗಳು ಸಂತಾನಕಾಲದಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಆಗ ಮಾತ್ರ ನೋಡಿದವನು ಉಳಿದ ಕಾಲದಲ್ಲಿ ಅದು ಪೂರ್ತಿ ಬೆಳ್ಳಗಿನ ಹಕ್ಕಿ ಎಂದರೆ ನಂಬಲಾರ. ಮನುಷ್ಯನನ್ನೂ ಒಂದೇ ಋತುವಿನಲ್ಲಿ ನೋಡಿ ಅಳೆಯಬಾರದು.

ಈ ತಾಳ್ಮೆಯನ್ನು ಮನೋವೈದ್ಯಕ್ಕೆ ತಂದವರಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಮುಖ್ಯರು. ಅವರ ಅಣ್ಣ ಕಾರ್ಲ್ ಪ್ರಾಣಿಶಾಸ್ತ್ರಜ್ಞ. ಚೇಳು, ಜರಿಗಳನ್ನು ವಿಂಗಡಿಸಿದವರು, ಹ್ಯಾಂಬರ್ಗಿನ ನಿಸರ್ಗ ವಸ್ತುಸಂಗ್ರಹಾಲಯದ ನಿರ್ದೇಶಕರು. ತಮ್ಮ ಎಮಿಲ್ ರೋಗಿಗೊಂದು ಕಾರ್ಡ್ ಇಟ್ಟು, ಅವರ ಸ್ಥಿತಿಗತಿಯನ್ನು ವರ್ಷಗಟ್ಟಲೆ ದಾಖಲಿಸಿದರು. ಏರು, ಇಳಿವು ಎರಡೂ ಒಂದೇ ಕಾಯಿಲೆಯ ಮುಖಗಳೆಂದು 1899ರಲ್ಲಿ ಬರೆದರು. ಕಾಯಿಲೆ ತಣ್ಣಗಿರುವ ದಿನಗಳಲ್ಲಿ, ಕೆಲವರಲ್ಲಿ ಅದು ಶುರುವಾಗುವ ಮೊದಲೇ ಕಾಣುವ ನಾಲ್ಕು ಮೂಲಸ್ವಭಾವಗಳನ್ನೂ ಅವರು ಗುರುತಿಸಿದರು: ಮಂಕು, ಹುರುಪು, ಸಿಡುಕು, ಹೊಯ್ದಾಟ. ಮುಂದೆ ಮನೋವೈದ್ಯ ಹಗೋಪ್ ಅಕಿಸ್ಕಲ್ ಮತ್ತು ಸಂಗಡಿಗರು ರೂಪಿಸಿದ ಅಳತೆಪಟ್ಟಿಯಲ್ಲಿ ಆತಂಕ ಐದನೆಯದಾಗಿ ಸೇರಿತು.

ಬೈಪೋಲಾರ್ ಇರುವವರನ್ನು ಒಟ್ಟಾಗಿ ನೋಡಿದರೆ ನೋವು, ಆತಂಕ ಬೇಗ ತಟ್ಟುವ ಗುಣ ಸ್ವಲ್ಪ ಹೆಚ್ಚು. ಗುರಿಯೊಂದು ಕಣ್ಣಿಗೆ ಬಿದ್ದರೆ ಮನಸ್ಸು ಬೇಗ ಹೊತ್ತಿಕೊಳ್ಳುವುದೂ ಹಲವರಲ್ಲಿ ಕಾಣುತ್ತದೆ. ಇದು ಸರಾಸರಿಯ ಮಾತು. ಅವರಲ್ಲಿ ಸಂಕೋಚದವರಿದ್ದಾರೆ, ಮಾತಿನ ಮಲ್ಲರಿದ್ದಾರೆ, ಪೈಸೆ ಪೈಸೆಗೂ ಲೆಕ್ಕ ಇಡುವವರಿದ್ದಾರೆ. ಖಿನ್ನತೆಯಲ್ಲಿರುವಾಗ ಪ್ರಶ್ನಾವಳಿ ಕೊಟ್ಟರೆ ಉತ್ತರವೂ ಖಿನ್ನತೆಯದೇ ಆಗುತ್ತದೆ. ಸ್ವಭಾವವನ್ನು ಅರಿಯಲು ಮನಸ್ಸು ಸಮಸ್ಥಿತಿಗೆ ಬರುವವರೆಗೆ ಕಾಯಬೇಕು.

ಗೆಳೆಯರ ಪುಸ್ತಕಗಳಲ್ಲಿ ಬದಲಾಗದೆ ಉಳಿದದ್ದನ್ನು ಹುಡುಕುತ್ತಾ ಹೋದೆ. ಬರೆದ ಪುಟಗಳಲ್ಲೆಲ್ಲ ಮೊದಲ ಸಾಲು ಗಾಳಿಯ ದಿಕ್ಕು. ಸರಿಯಾಗಿ ಕಾಣದ ಹಕ್ಕಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ. ಆಸ್ಪತ್ರೆಯ ನಕ್ಷೆ ಇರುವ ಆ ಪುಟದಲ್ಲೂ, ಹಿಗ್ಗಿದ ಅಕ್ಷರಗಳಲ್ಲಿ, "ಗಿಡುಗ? ಬೆನ್ನಷ್ಟೇ ಕಂಡಿತು" ಎಂದಿದೆ. ಕಾಣದ್ದನ್ನು ಕಂಡೆ ಎನ್ನದ ಈ ನಿಷ್ಠೆ ಅವರ ಸ್ವಭಾವ. ಲಿಥಿಯಂ ಶುರುಮಾಡುವಾಗ, "ಮಾತ್ರೆ ತಗೊಂಡ್ರೆ ನಾನು ನಾನಾಗಿ ಉಳೀತೀನಾ?" ಎಂದು ಹೆದರಿದ್ದರು. ಆಮೇಲಿನ ಪುಸ್ತಕಗಳಲ್ಲೂ ಗಾಳಿ ಇದೆ, ಪ್ರಶ್ನಾರ್ಥಕ ಚಿಹ್ನೆಗಳಿವೆ.

ಈಗ ಗಾಳಿಯ ಕೆಳಗೆ ಹಿಂದಿನ ರಾತ್ರಿ ಮಲಗಿದ ಗಂಟೆಗಳನ್ನೂ ಬರೆಯುತ್ತಾರೆ. ನಿದ್ದೆ ಕಡಿಮೆಯಾದರೂ ದಣಿವಾಗದಿರುವುದು ಉನ್ಮಾದದ ಮುನ್ಸೂಚನೆ ಇರಬಹುದು. ಒಂದೆರಡು ರಾತ್ರಿ ಹಾಗಾದರೆ ತಾವೇ ವೈದ್ಯರಿಗೆ ಫೋನ್ ಮಾಡುತ್ತಾರೆ. ಹಕ್ಕಿಯನ್ನು ನೋಡುವಷ್ಟೇ ಪ್ರಾಮಾಣಿಕವಾಗಿ ತಮ್ಮನ್ನೂ ನೋಡಿಕೊಳ್ಳಲು ಅವರು ಕಲಿತಿದ್ದಾರೆ. ಈ ಕಾಯಿಲೆ ಇರುವವರ ಸ್ವಭಾವ ಎಂಥದ್ದು ಎಂದು ಯಾರಾದರೂ ಕೇಳಿದರೆ, ಒಬ್ಬರ ಜೊತೆ ಎಲ್ಲ ಋತುಗಳನ್ನೂ ಕಳೆದು ಆಮೇಲೆ ಹೇಳಿ ಎನ್ನುತ್ತೇನೆ.