ಅರ್ಧ ವೋಲ್ಟ್‌ನ ಸಾಕ್ಷ್ಯ

ಡೀಸೆಲ್ ಕಾರು ಏರು ಹತ್ತುವಾಗ ಪಿಕಪ್ ಕಳೆದುಕೊಳ್ಳುತ್ತದೆ. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0193 ಎಂಬ ಕೋಡ್ ಬರುತ್ತದೆ. ಇಂಧನದ ಒತ್ತಡ ಅಳೆಯುವ ಸೆನ್ಸರ್‌ನ ಸರ್ಕ್ಯೂಟಿನಲ್ಲಿ ವೋಲ್ಟೇಜ್ ಹೆಚ್ಚಾಗಿದೆ ಎಂಬುದು ಅದರ ದೂರು. "ಸೆನ್ಸರ್ ಹೋಗಿದೆ ಸಾರ್, ಬದಲಾಯಿಸಬೇಕು" ಎಂಬ ತೀರ್ಪು ಹೊರಬೀಳಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆದರೆ ಸರ್ಕ್ಯೂಟಿನಲ್ಲಿ ಸೆನ್ಸರ್ ಒಂದು ತುದಿ ಮಾತ್ರ. ಇನ್ನೊಂದು ತುದಿಯಲ್ಲಿ ಇಸಿಯು ಎಂಬ ಕಂಪ್ಯೂಟರ್ ಇದೆ; ನಡುವೆ ಮೂರು ವೈರುಗಳು, ಅವುಗಳನ್ನು ಜೋಡಿಸುವ ಕಪ್ಲರ್‌ಗಳು. ತಪ್ಪು ಎಲ್ಲಿ ಬೇಕಾದರೂ ಇರಬಹುದು. ಕೆಲವು ಎಂಜಿನ್‌ಗಳಲ್ಲಿ ಈ ಸೆನ್ಸರ್ ಬಿಡಿಯಾಗಿ ಸಿಗುವುದೇ ಇಲ್ಲ, ಅದು ಕೂತಿರುವ ರೈಲ್ ಎಂಬ ಇಂಧನ ಕೊಳವೆಯ ಸಮೇತ ಕೊಳ್ಳಬೇಕು. ಅಷ್ಟು ಖರ್ಚು ಮಾಡಿಸಿದ ಮೇಲೂ ದೀಪ ಆರದಿದ್ದರೆ ಅದು ಗಾಡಿಯವರಿಗೆ ಆದ ಅನ್ಯಾಯವೇ ಸರಿ. ಸಾಧಾರಣ ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಕೂತರೆ ಇದನ್ನು ತಪ್ಪಿಸಬಹುದು.

ಇಂದಿನ ಡೀಸೆಲ್ ಎಂಜಿನ್‌ಗಳಲ್ಲಿ ಕಾಮನ್ ರೈಲ್ ಎಂಬ ಗಟ್ಟಿ ಉಕ್ಕಿನ ಕೊಳವೆ ಇರುತ್ತದೆ. ಈ ವಿಧಾನ ಪ್ರಯಾಣಿಕರ ಕಾರಿಗೆ ಮೊದಲು ಬಂದದ್ದು 1997ರಲ್ಲಿ, ಇಟಲಿಯ ಆಲ್ಫಾ ರೋಮಿಯೋ 156ರ ಮೂಲಕ. ಪಂಪು ಡೀಸೆಲನ್ನು ಒತ್ತಿ ಒತ್ತಿ ಈ ಕೊಳವೆಗೆ ತುಂಬುತ್ತದೆ, ಎಲ್ಲ ಇಂಜೆಕ್ಟರ್‌ಗಳೂ ಅಲ್ಲಿಂದಲೇ ಪಡೆಯುತ್ತವೆ. ಒಳಗಿನ ಒತ್ತಡ 1800 ಬಾರ್ ಮುಟ್ಟುವುದು ಅಪರೂಪವೇನಲ್ಲ. ಸುಮಾರು 11 ಕಿಲೋಮೀಟರ್ ಆಳದ ಮರಿಯಾನಾ ಕಂದಕದ ತಳದಲ್ಲಿ ಇಡೀ ಸಾಗರದ ನೀರು ಹೇರುವ ಒತ್ತಡವೂ 1100 ಬಾರ್‌ನ ಆಸುಪಾಸಿನದು!

ಇಷ್ಟು ಒತ್ತಡವನ್ನು ಅಳೆಯುವುದು ತೆಳುವಾದ ಒಂದು ಉಕ್ಕಿನ ಪೊರೆ. ಒತ್ತಡ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಉಬ್ಬುತ್ತದೆ. ಅದರ ಮೇಲೆ ಕೂರಿಸಿದ ಪುಟ್ಟ ರೆಸಿಸ್ಟರ್‌ಗಳು ಹಿಗ್ಗಿದಾಗ ಅವುಗಳ ರೋಧ ಬದಲಾಗುತ್ತದೆ. ಈ ಸಣ್ಣ ಬದಲಾವಣೆಯನ್ನು ಹಿಡಿಯುವ ಜೋಡಣೆ ವೀಟ್‌ಸ್ಟನ್ ಸೇತುವೆ. ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ 1833ರಲ್ಲಿ ರೂಪಿಸಿ, ಚಾರ್ಲ್ಸ್ ವೀಟ್‌ಸ್ಟನ್ 1843ರಲ್ಲಿ ಪ್ರಚಾರಕ್ಕೆ ತಂದ ಅದೇ ಸೇತುವೆ ನಮ್ಮ ಪಿಯುಸಿ ಪ್ರಯೋಗಾಲಯದಲ್ಲೂ ಇದೆ, ಬಾನೆಟ್ಟಿನ ಕೆಳಗೂ ಇದೆ.

ಮೂರು ವೈರುಗಳಲ್ಲಿ ಒಂದು ಇಸಿಯುವಿನಿಂದ 5 ವೋಲ್ಟ್ ತರುತ್ತದೆ. ಒಂದು ಅರ್ತ್. ಮೂರನೆಯದು ಸೆನ್ಸರ್‌ನ ಉತ್ತರವನ್ನು ಹಿಂದಕ್ಕೆ ಒಯ್ಯುವ ಸಿಗ್ನಲ್ ವೈರ್. ಸಾಮಾನ್ಯವಾಗಿ ಒತ್ತಡ ಸೊನ್ನೆಯಿದ್ದಾಗ ಸಿಗ್ನಲ್ 0.5 ವೋಲ್ಟ್, ಗರಿಷ್ಠ ಒತ್ತಡದಲ್ಲಿ 4.5 ವೋಲ್ಟ್. ಸೊನ್ನೆಗೆ ಸೊನ್ನೆ ವೋಲ್ಟನ್ನೇ ಇಡಬಹುದಿತ್ತಲ್ಲ? ಈ ವಿನ್ಯಾಸದಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ ಭಾಗ. ಬಡಾವಣೆಯಲ್ಲಿ ರಾತ್ರಿ ಗಸ್ತಿನವನು ಏನೂ ಆಗದಿದ್ದರೂ ಆಗಾಗ ಸೀಟಿ ಊದುತ್ತಾನೆ. ಸೀಟಿ ನಿಂತಿತೆಂದರೆ ಅವನಿಗೇ ಏನೋ ಆಗಿದೆ ಎಂದು ತಿಳಿಯಬೇಕು. 0.5 ವೋಲ್ಟ್ ಎಂಬುದು ಆ ಸೀಟಿ. ಅದು ಬಂದರೆ ಒತ್ತಡ ಇಲ್ಲ, ಆದರೆ ಸೆನ್ಸರ್ ಬದುಕಿದೆ. ಅದಕ್ಕಿಂತ ತೀರಾ ಕೆಳಗಿಳಿದರೆ ಪಿ0192, 4.5ನ್ನು ಮೀರಿ ಏರಿದರೆ ಪಿ0193. ಎರಡೂ ಡೀಸೆಲ್‌ನ ಕಥೆಯಲ್ಲ, ಕರೆಂಟಿನ ಕಥೆ.

ಪಿ0193 ಬಂದ ಗಾಡಿಯ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಸೆನ್ಸರ್‌ನ ಕಪ್ಲರ್ ಬಿಚ್ಚಿ. ವೈರಿನ ಕಡೆಯಲ್ಲಿ 5 ವೋಲ್ಟ್ ಪಿನ್ ಮತ್ತು ಅರ್ತ್ ಪಿನ್ ನಡುವೆ ಮೀಟರ್ ಹಿಡಿದರೆ 5ರ ಹತ್ತಿರ ಬರಬೇಕು. ಬಾರದಿದ್ದರೆ ಒಂದು ಪ್ರೋಬನ್ನು 5 ವೋಲ್ಟ್ ಪಿನ್ನಿನಲ್ಲೇ ಬಿಟ್ಟು, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿ. ಈಗ 5 ಬಂದರೆ ಅರ್ತ್ ವೈರ್ ಕಡಿದಿದೆ. ಅರ್ತ್ ಕಡಿದರೆ ಸಿಗ್ನಲ್ ಮೇಲಕ್ಕೇರುತ್ತದೆ, ಸೆನ್ಸರ್ ನಿರಪರಾಧಿ. ಈ ವೈರುಗಳಿಗೆ ಟೆಸ್ಟ್ ಬಲ್ಬ್ ಮಾತ್ರ ಮುಟ್ಟಿಸಬೇಡಿ, ಅದು ಎಳೆಯುವ ಕರೆಂಟ್ ಇಸಿಯುವಿಗೆ ಪೆಟ್ಟು ಕೊಡಬಹುದು.

5 ವೋಲ್ಟೂ ಅರ್ತೂ ಸರಿಯಿದ್ದರೆ ಸ್ಕ್ಯಾನರ್‌ನಲ್ಲಿ ಸೆನ್ಸರ್ ವೋಲ್ಟೇಜ್ ನೋಡಿ. ಕಪ್ಲರ್ ಬಿಚ್ಚಿದಾಗ ಅದು ಅನೇಕ ಗಾಡಿಗಳಲ್ಲಿ 5ರತ್ತ ಏರುತ್ತದೆ, ಕೆಲವದರಲ್ಲಿ ಸೊನ್ನೆಗಿಳಿಯುತ್ತದೆ. ಏರುವ ಗಾಡಿಯಾದರೆ ಸಿಗ್ನಲ್ ಪಿನ್ನನ್ನೂ ಅರ್ತ್ ಪಿನ್ನನ್ನೂ ಸಣ್ಣ ವೈರಿನಿಂದ ಸೇರಿಸಿ. ಸ್ಕ್ಯಾನರ್ ತಕ್ಷಣ ಸೊನ್ನೆ ತೋರಿಸಿದರೆ ವೈರಿಂಗ್ ಮತ್ತು ಇಸಿಯು ಎರಡೂ ಕೆಲಸ ಮಾಡುತ್ತಿವೆ ಎಂದರ್ಥ. ಸೆನ್ಸರ್ ಮೇಲೆ ಅನುಮಾನ ಪಡಲು ಈಗ ಕಾರಣ ಸಿಕ್ಕಿತು. ಸಂಖ್ಯೆ ಕದಲದಿದ್ದರೆ ಸಿಗ್ನಲ್ ವೈರನ್ನೇ ಹಿಡಿದು ಹೋಗಬೇಕು: ಬ್ರಾಕೆಟ್ಟಿಗೆ ಉಜ್ಜಿದ ಕಡೆ, ಇಲಿ ಕಡಿದ ಕಡೆ, ನೀರು ಹೊಕ್ಕು ಹಸಿರುಗಟ್ಟಿದ ಕಪ್ಲರ್ ಪಿನ್. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯಾದರೆ ಇಲಿಯಿಂದಲೇ ಶುರು ಮಾಡುವುದು ಒಳ್ಳೆಯದು.

ಆ 5 ವೋಲ್ಟ್ ಈ ಸೆನ್ಸರೊಂದಕ್ಕೇ ಮೀಸಲಲ್ಲ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಅದೇ ಸಾಲಿನಿಂದ ಬೇರೆ ಸೆನ್ಸರ್‌ಗಳೂ ಕರೆಂಟ್ ಪಡೆಯುತ್ತಿರಬಹುದು. ಅವುಗಳಲ್ಲಿ ಒಂದು ಒಳಗೇ ಶಾರ್ಟ್ ಆದರೆ 5 ವೋಲ್ಟ್ ಕುಸಿದು, ಸಂಬಂಧವೇ ಇಲ್ಲದಂತೆ ಕಾಣುವ ಕೋಡ್‌ಗಳು ಒಟ್ಟಿಗೆ ಬರುತ್ತವೆ. ಒಂದೊಂದೇ ಕಪ್ಲರ್ ಬಿಚ್ಚುತ್ತ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿತೋ ಅಲ್ಲಿದೆ ದೋಷ.

ಕೋಡ್ ಬಾರದ ತಪ್ಪು ಇನ್ನೂ ಕಠಿಣ. ಅರ್ತ್ ಪೂರ್ತಿ ಕಡಿದಿಲ್ಲ, ತುಕ್ಕಿನಿಂದ 0.1 ವೋಲ್ಟ್‌ನಷ್ಟು ಮಾತ್ರ ಮೇಲೆದ್ದಿದೆ ಎಂದುಕೊಳ್ಳಿ. 1800 ಬಾರ್ ಅಳೆಯುವ ಸೆನ್ಸರ್‌ನಲ್ಲಿ ಒಂದು ವೋಲ್ಟ್ ಎಂದರೆ 450 ಬಾರ್. ಹಾಗಾಗಿ ತಣ್ಣಗೆ ನಿಂತ ಎಂಜಿನ್ ಕೂಡ ಸುಮಾರು 40 ಬಾರ್ ತೋರಿಸುತ್ತದೆ. ಇಲ್ಲದ ಒತ್ತಡವನ್ನು ಇದೆಯೆಂದು ನಂಬಿದ ಇಸಿಯು ನಿಜವಾದ ಒತ್ತಡವನ್ನು ತಗ್ಗಿಸುತ್ತದೆ, ಎಂಜಿನ್ ಸೊರಗುತ್ತದೆ. ಇದನ್ನು ಹಿಡಿಯಲು ಕಪ್ಲರ್ ಹಾಕಿಯೇ ಹಿಂದಿನಿಂದ ಅರ್ತ್ ಪಿನ್ನಿಗೆ ಪ್ರೋಬ್ ತಾಗಿಸಿ, ಬ್ಯಾಟರಿ ನೆಗೆಟಿವ್‌ನೊಡನೆ ಅಳೆಯಬೇಕು. 50 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ.

ಪಿ0087 ಬಂದಾಗ ವಿಷಯ ಬೇರೆ. ಅಲ್ಲಿ ಸೆನ್ಸರ್ ಬಹುಮಟ್ಟಿಗೆ ನಿಜವನ್ನೇ ಹೇಳುತ್ತಿರುತ್ತದೆ: ಒತ್ತಡ ನಿಜಕ್ಕೂ ಕಡಿಮೆ. ಕಟ್ಟಿಕೊಂಡ ಡೀಸೆಲ್ ಫಿಲ್ಟರ್, ಸೋತ ಪಂಪು, ಸೋರುವ ಇಂಜೆಕ್ಟರ್ ಹುಡುಕಬೇಕು.

ಹಾಗೆ ಹುಡುಕುವಾಗ ಒಂದು ಹಳೆಯ ಅಭ್ಯಾಸವನ್ನು ಬಿಡಲೇಬೇಕು. 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೈಕೋ ಕಂಪನಿಯ ಪಂಪುಗಳನ್ನು ಬಿಚ್ಚಿ ಜೋಡಿಸಿಯೇ ನಮ್ಮ ಎಷ್ಟೋ ಡೀಸೆಲ್ ಮೆಕ್ಯಾನಿಕ್‌ಗಳು ಕೈ ಪಳಗಿಸಿಕೊಂಡರು. ಆ ಎಂಜಿನ್‌ಗಳಲ್ಲಿ ಓಡುತ್ತಿರುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ಏರ್ ತೆಗೆಯುತ್ತಿದ್ದರು, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ನೋಡುತ್ತಿದ್ದರು. ಕಾಮನ್ ರೈಲ್‌ನಲ್ಲಿ ಹಾಗೆ ಮಾಡಿದರೆ ಚಿಮ್ಮುವ ಡೀಸೆಲ್ ಎಳೆ ಚರ್ಮವನ್ನು ಭೇದಿಸಿ ಒಳನುಗ್ಗುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಂಥ ಗುರುತು, ಆರಂಭದಲ್ಲಿ ನೋವೂ ಹೆಚ್ಚಿರುವುದಿಲ್ಲ. ಒಳಗೆ ಮಾತ್ರ ಮಾಂಸಖಂಡ ಕೊಳೆಯತೊಡಗುತ್ತದೆ. ತಡವಾದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗಬಹುದು. ಅಂಥ ಗಾಯವಾದರೆ ಮುಲಾಮು ಹಚ್ಚಿ ಕಾಯಬೇಡಿ. ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಅಧಿಕ ಒತ್ತಡದ ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ.