ಗೋಡಿ ಬಿದ್ರೂ ಮಾಳಗಿ ನಿಲ್ಲತೈತಿ! ಕಟ್ಟಿಗೆ ಕಂಬದ ಹಳೇ ಮನೆಗಳ ಲೆಕ್ಕಾಚಾರ ಇದು

ವಿಜಯಪುರ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಯಾವುದೇ ಹಳೇ ಊರಿಗೆ ಹೋಗಿ, 'ಮನಿ ಎಷ್ಟು ದೊಡ್ಡದು' ಅಂತ ಹಿರಿಯರನ್ನ ಕೇಳಿ ನೋಡಿ. ಚದರ ಅಡಿ ಹೇಳುವುದಿಲ್ಲ, 'ಎಂಟಂಕಣದ ಮನಿ' ಅಂತಾರೆ. ಅಂಕಣ ಅಂದ್ರೆ ಕಂಬದಿಂದ ಕಂಬಕ್ಕಿರುವ ಜಾಗ. ಮನೆಯನ್ನ ಗೋಡೆಯಿಂದಲ್ಲ, ಕಂಬದಿಂದ ಅಳೆಯುತ್ತಿದ್ದರು. ಅದಕ್ಕೆ ಕಾರಣವೂ ಇದೆ.

ಈ ಮನೆಗಳಲ್ಲಿ ಮಾಳಿಗೆ ಹೊರುವುದು ಮುಖ್ಯವಾಗಿ ಕಟ್ಟಿಗೆ. ಕಂಬದ ಬುಡಕ್ಕೆ ಕಲ್ಲು, ಹಸಿ ಮತ್ತು ಗೆದ್ದಲು ಏರಬಾರದು ಅಂತ. ಕಂಬದ ತಲೆ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ. ಜಂತಿ ಮೇಲೆ ಹಲಗೆ ಇಲ್ಲವೇ ಸಣ್ಣ ಕಟ್ಟಿಗೆ ಹಾಸಿ ಮಣ್ಣು ಮೆತ್ತುತ್ತಾರೆ. ನಡುವೆ ಒಂದು ಬೆಳಕಿಂಡಿ. ದಪ್ಪನೆಯ ಕಲ್ಲು-ಮಣ್ಣಿನ ಗೋಡೆ ಹೆಚ್ಚಾಗಿ ಮರೆಗೆ, ತಂಪಿಗೆ. ಎರೆಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಗೋಡೆ ಸೀಳಿದರೂ ಮಾಳಿಗೆ ಅಲುಗದೆ ನಿಲ್ಲುವುದು ಇದೇ ಕಾರಣಕ್ಕೆ.

ಇದರ ನಿಜವಾದ ಪರೀಕ್ಷೆ ಆಗಿದ್ದು ನಮ್ಮಿಂದ ಬಹಳ ದೂರವೇನಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ ಆಯ್ತು. ಸುಮಾರು 8 ಸಾವಿರ ಜನ ತೀರಿಕೊಂಡರು. ಹೆಚ್ಚಿನವರನ್ನ ಕೊಂದದ್ದು ಕುಸಿದ ದಪ್ಪ ಕಲ್ಲಿನ ಗೋಡೆ ಮತ್ತು ಭಾರದ ಮಣ್ಣಿನ ಮಾಳಿಗೆ. ಆದ್ರೆ ಕಟ್ಟಿಗೆ ಕಂಬದ ಎಷ್ಟೋ ಮನೆಗಳಲ್ಲಿ ಗೋಡೆ ಉರುಳಿದರೂ ಚೌಕಟ್ಟು ನಿಂತೇ ಇತ್ತು! 2021ರಿಂದ ಈಚೆಗೆ ಬಸವನ ಬಾಗೇವಾಡಿ ಸುತ್ತಮುತ್ತ ಭೂಮಿ ಸಣ್ಣಗೆ ನಡುಗಿದ್ದನ್ನ ಕಂಡವರಿಗೆ ಇದು ಬರೀ ಇತಿಹಾಸದ ಮಾತಲ್ಲ.

ಹಾಗಂತ ಹಳೇ ಮನೆ ಎಲ್ಲಾ ಗಟ್ಟಿ ಅಂತಲ್ಲ. ಸೋರತೈತಿ ಅಂತ ಪ್ರತಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಮೇಲೆ ಮಣ್ಣು ಹಾಕುತ್ತ ಹೋದರೆ ಭಾರವೇ ಮುಳುವು. ಹಳೇ ಮಣ್ಣು ಕೆತ್ತಿ ತೆಗೆದು ಹೊಸದು ಹಾಕಬೇಕು. ಹಾಲ್ ದೊಡ್ಡದಾಗಲಿ ಅಂತ ನಡುವಿನ ಕಂಬ ಕೊಯ್ಯುವುದಂತೂ ಅಪಾಯ.

ಕಟ್ಟಿಗೆ ಕಟ್ಟಡ ಅಂದ್ರೆ ಬಡವರದ್ದು ಅನ್ನುವವರು ಒಮ್ಮೆ ವಿಜಯಪುರದ ಅಸರ್ ಮಹಲ್ ನೋಡಬೇಕು. ಮುಹಮ್ಮದ್ ಆದಿಲ್ ಶಾಹ ಸುಮಾರು 1646ರಲ್ಲಿ ನ್ಯಾಯದಾನಕ್ಕೆ ಕಟ್ಟಿಸಿದ ಈ ಮಹಲಿನ ಮುಂಭಾಗವನ್ನ ಹೊತ್ತಿರುವುದು ನಾಲ್ಕು ಭಾರಿ ಸಾಗವಾನಿ ಕಂಬಗಳು. ಇದು ಪುರಾತತ್ವ ಇಲಾಖೆ ರಕ್ಷಣೆಯಲ್ಲಿದೆ. ಗಗನ್ ಮಹಲಿಗೆ ಆ ಭಾಗ್ಯ ತಡವಾಗಿ ಬಂತು, ಅಷ್ಟರಲ್ಲಿ ಒಳಗಿನ ಕಟ್ಟಿಗೆ ಕೆಲಸ ಹೋಗಿ ಕಮಾನುಗಳಷ್ಟೇ ಉಳಿದಿದ್ದವು.

ಊರೊಳಗಿನ ವಾಡೆಗಳ ಕಥೆಯೂ ಹೆಚ್ಚುಕಡಿಮೆ ಹಾಗೇ. ಕೇಂದ್ರದ 1958ರ ಕಾಯ್ದೆಯಂತೆ ಸ್ಮಾರಕ ಅನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಆದ್ರೆ ವಯಸ್ಸೊಂದೇ ಸಾಲದು, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಅಲ್ಲಿಯವರೆಗೆ ಅಣ್ಣ-ತಮ್ಮಂದಿರ ಪಾಲು ಆದ ದಿನವೇ ತೊಲೆ, ಬಾಗಿಲು, ಬೋದಿಗೆ ಟ್ರ್ಯಾಕ್ಟರ್ ಏರಬಹುದು. ಕೆಡವಲೇಬೇಕು ಅನ್ನುವವರು ಕೊನೇಪಕ್ಷ ಅಂಕಣದ ಅಳತೆ ಬರೆದಿಟ್ಟು, ನಾಲ್ಕು ಫೋಟೊ ತೆಗೆದಿಡಲಿ. ಅದಕ್ಕೆ ಯಾವ ಇಲಾಖೆ ಅನುಮತಿಯೂ ಬೇಕಿಲ್ಲ.